ಕುದುರೆಮುಖದ ಗಣಿ ನೋಡ್ಲಿಕ್ಕೆ ಬನ್ನಿ, ಉಳಿಲಿಕ್ಕೆ ಬೇಡ

ಕಾರ್ಕಳದವನು ಅಂದ ಕೂಡಲೇ ಬೆಂಗಳೂರಿನ ಆಫೀಸಿನಲ್ಲಿ ಎರಡು ಪ್ರಶ್ನೆ ಗ್ಯಾರಂಟಿ. ಗೊಮ್ಮಟ ಎಷ್ಟು ಎತ್ತರ? ಕುದುರೆಮುಖದಲ್ಲಿ ವೀಕೆಂಡ್ ಉಳಿಯಲು ಒಳ್ಳೇ ಜಾಗ ಇದೆಯಾ? ಮೊದಲನೆಯದು ಸುಲಭ, 42 ಅಡಿ. ಎರಡನೆಯದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂದರೆ ಇಷ್ಟುದ್ದ ಬರೆಯಬೇಕಾಗುತ್ತದೆ :-)

ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಆ ಗಣಿಯನ್ನೂ ಅದರ ಟೌನ್‌ಶಿಪ್ಪನ್ನೂ ಪ್ರವಾಸಿ ತಾಣ ಮಾಡಬೇಕು ಎನ್ನುವ ಮಾತು ಅಲ್ಲಿಂದ ಶುರುವಾಗಿ ಆಗಾಗ ಏಳುತ್ತದೆ, ಮತ್ತೆ ತಣ್ಣಗಾಗುತ್ತದೆ. ಗಣಿ ನಡೆಸಿದ ಕಂಪನಿಯೇ ಹಿಂದೊಮ್ಮೆ ಪರಿಸರ ಪ್ರವಾಸೋದ್ಯಮದ ಪ್ರಸ್ತಾಪ ಇಟ್ಟಿತ್ತು. ಕಾಡಿನ ಪರ ಇರುವವರು ಬೇಡ ಅಂದಿದ್ದರು. ನನ್ನ ಅಭಿಪ್ರಾಯ ಇಬ್ಬರಿಗೂ ಪೂರ್ತಿ ಹಿಡಿಸಲಿಕ್ಕಿಲ್ಲ. ಗಣಿಯನ್ನು ಜನರಿಗೆ ತೆರೆಯಲೇಬೇಕು. ಆದರೆ ಮ್ಯೂಸಿಯಂ ಆಗಿ, ಹಗಲು ಹೊತ್ತಿಗೆ ಮಾತ್ರ. ಭಗವತಿಯಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇದ್ದದ್ದು ಇರಲಿ, ಟೌನ್‌ಶಿಪ್ಪಿನ ಮನೆಗಳಲ್ಲಿ ಪ್ರವಾಸಿಗೆಂದು ಒಂದು ಹಾಸಿಗೆಯೂ ಬೇಡ.

ಯಾಕೆ ತೆರೆಯಬೇಕು? ಇಂಜಿನಿಯರ್ ಆಗಿ ನೋಡಿದರೆ ಅದೊಂದು ಅದ್ಭುತ ಕಥೆ ಮಾರಾಯ್ರೆ. ಅಲ್ಲಿ ಅದಿರು ಇದೆ ಎಂದು 1913ರಲ್ಲೇ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಅದು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್, ಹಾಗಾಗಿ ದೊಡ್ಡ ಗಣಿಗಾರಿಕೆಗೆ ಎಪ್ಪತ್ತರ ದಶಕದವರೆಗೆ ಕಾಯಬೇಕಾಯಿತು. 1976ರಲ್ಲಿ ಕಂಪನಿ ಹುಟ್ಟಿತು, ಸಾಲ ಕೊಟ್ಟು ಅದಿರನ್ನೂ ಕೊಳ್ಳುತ್ತೇವೆ ಎಂದದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. 1980ರಲ್ಲಿ ಇಲ್ಲಿ ಪ್ಲಾಂಟ್ ಸಿದ್ಧ, ಕೊಳ್ಳಬೇಕಾದ ಗಿರಾಕಿಯೇ ಇಲ್ಲ! ಟೆಹರಾನಿನ ಗಲಾಟೆಯ ಬಿಸಿ ನಮ್ಮ ಘಟ್ಟದ ತುದಿಗೂ ತಟ್ಟಿತು ಅಂದರೆ ಎಷ್ಟು ಜನ ನಂಬುತ್ತಾರೆ?

ಗುಡ್ಡ ಒಡೆದು, ಕಲ್ಲನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಅಂಶವನ್ನು ಬೇರೆ ಮಾಡಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿನ ಬಂದರಿಗೆ ಇಳಿಸುತ್ತಿದ್ದರು. ಘಟ್ಟದ ಇಳಿಜಾರೇ ಅದಕ್ಕೆ ಶಕ್ತಿ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ?

ಆದರೆ ಅದು ಕಥೆಯ ಅರ್ಧ. ಇನ್ನರ್ಧ ಅಷ್ಟು ಚಂದ ಇಲ್ಲ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಡೆ ಗುಡ್ಡದ ಸಿಪ್ಪೆ ಸುಲಿದರೆ ಮಣ್ಣು ಎಲ್ಲಿಗೆ ಹೋಗುತ್ತದೆ? ಭದ್ರೆಗೆ. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದರ ಒಂದು ಭಾಗ ನಮ್ಮ ಕಾರ್ಕಳದ ಕಡೆಗೇ ಇಳಿಯುತ್ತದೆ. ಸಿಂಗಳೀಕಗಳ ಮುಖ್ಯ ನೆಲೆ ಅದು. ಗಣಿ ನಿಲ್ಲಿಸಬೇಕೆಂದು ಕೆ. ಎಂ. ಚಿನ್ನಪ್ಪ ಮತ್ತು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋದರು, 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, ಮೂರು ವರ್ಷಕ್ಕೆ ಗಣಿ ನಿಂತಿತು. ಲಾಭದಲ್ಲಿ ನಡೆಯುತ್ತಿದ್ದ ಸರ್ಕಾರಿ ಗಣಿಯೊಂದನ್ನು ಕಾಡಿಗಾಗಿ ನಿಲ್ಲಿಸಿದ ಉದಾಹರಣೆ ನಮ್ಮ ದೇಶದಲ್ಲಿ ಎಷ್ಟಿದ್ದಾವು?

ಈಗ ಇಂಟರ್‌ನೆಟ್ಟಿನಲ್ಲಿ ಲಕ್ಯಾ ಡ್ಯಾಂ ಎಂದು ಹುಡುಕಿ ನೋಡಿ. ಹಸಿರು ಗುಡ್ಡ, ನೀಲಿ ನೀರು, 'ಸ್ವರ್ಗ' ಎನ್ನುವ ಶೀರ್ಷಿಕೆ. ಸುಮಾರು ನೂರು ಮೀಟರ್ ಎತ್ತರದ ಆ ಕಟ್ಟೆಯನ್ನು ಕಟ್ಟಿದ್ದೇ ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ತಡೆದು ನಿಲ್ಲಿಸಲು. ಗಣಿ ನಡೆದ ಅಷ್ಟೂ ವರ್ಷದ ಕೆಸರು ಆ ನೀಲಿ ನೀರಿನಡಿ ಕೂತಿದೆ. ಗಣಿ ನಿಂತರೂ ಕಟ್ಟೆಗೆ ರಿಟೈರ್‌ಮೆಂಟ್ ಇಲ್ಲ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಯಾರಾದರೂ ಅದನ್ನು ಕಾಯುತ್ತಲೇ ಇರಬೇಕು. ಜನ ಮರೆತರೆ ಬಜೆಟ್ಟೂ ಮರೆಯುತ್ತದೆ. ಮ್ಯೂಸಿಯಂ ಬೇಕು ಅನ್ನುವುದಕ್ಕೆ ನನ್ನ ಮೊದಲ ಕಾರಣ ಇದೇ. ಸುಮ್ಮನೆ ಸೆಲ್ಫಿ ತೆಗೆದು ಬರುವ ಜಾಗದಲ್ಲಿ 'ಇದು ಏನು, ಯಾಕಿದೆ, ಒಡೆದರೆ ಏನಾಗುತ್ತದೆ' ಎಂದು ಹೇಳುವವರು ಒಬ್ಬರು ಬೇಕು.

ಹೇಳುವವರು ಯಾರು? ಬ್ರಿಟನ್ನಿನ ವೇಲ್ಸ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ ಇದೆ. 1980ರಲ್ಲಿ ಮುಚ್ಚಿದ್ದು, 1983ಕ್ಕೆ ಮ್ಯೂಸಿಯಂ ಆಗಿ ತೆರೆಯಿತು. ತಲೆಗೆ ಹೆಲ್ಮೆಟ್ಟು, ಲೈಟು ಕಟ್ಟಿ, ಮೊಬೈಲು ವಾಚು ಎಲ್ಲ ತೆಗೆದಿಡಿಸಿ ತೊಂಬತ್ತು ಮೀಟರ್ ಕೆಳಗೆ ಕರೆದೊಯ್ಯುತ್ತಾರೆ. ಒಮ್ಮೆ ಎಲ್ಲರ ಲೈಟೂ ಆರಿಸಿ, ಕತ್ತಲೆ ಎಂದರೇನು ಅಂತ ತೋರಿಸುತ್ತಾರೆ. ಹಾಗೆ ಕರೆದೊಯ್ಯುವ ಕೆಲಸಕ್ಕೆ ಅವರು ಇಟ್ಟುಕೊಂಡದ್ದು ಗಣಿಯಲ್ಲಿ ದುಡಿದವರನ್ನೇ. ಮುಚ್ಚಿ ಮೂರೇ ವರ್ಷಕ್ಕೆ ತೆರೆದದ್ದರಿಂದ ಅದು ಸಾಧ್ಯವಾಯಿತು.

ನಾವು ಇಪ್ಪತ್ತು ವರ್ಷ ಕಳೆದುಬಿಟ್ಟೆವು. 1980ರಲ್ಲಿ ಇಪ್ಪತ್ತೈದರ ಹುಡುಗನಾಗಿ ಕೆಲಸಕ್ಕೆ ಸೇರಿದವರು ಎಪ್ಪತ್ತು ದಾಟಿದ್ದಾರೆ. ನಮ್ಮ ಐಟಿ ಕಂಪನಿಗಳಲ್ಲಿ ಒಬ್ಬ ಕೆಲಸ ಬಿಟ್ಟು ಹೊರಟರೆ ಎರಡು ವಾರ ಕೆಟಿ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್, ಮಾಡಿಸದೆ ಬಿಡುವುದಿಲ್ಲ. ಒಂದು ಯಕಃಶ್ಚಿತ್ ವೆಬ್‌ಸೈಟಿಗೆ ಇಷ್ಟೆಲ್ಲ! ಒಂದು ಗುಡ್ಡವನ್ನೇ ಸಮುದ್ರಕ್ಕೆ ಇಳಿಸಿದವರ ಹತ್ತಿರ ಕೂತು ಕೇಳಿ ಬರೆದಿಡಲು ನಮಗೆ ಪುರುಸೊತ್ತಿಲ್ಲ. ಕಟ್ಟಡ ಇನ್ನು ಹತ್ತು ವರ್ಷ ನಿಂತೀತು, ಈ ಜನ ಕಾಯುವುದಿಲ್ಲ.

ಇನ್ನು ಹಾಸಿಗೆಯ ವಿಷಯ. ಉದ್ಯಾನದೊಳಗೆ ತಲೆಮಾರುಗಳಿಂದ ಇರುವ ಮಲೆಕುಡಿಯರ ಮನೆಗೆ ಒಂದು ರಸ್ತೆ, ಒಂದು ಕರೆಂಟ್ ಕಂಬ ಬೇಕೆಂದರೆ ಅರಣ್ಯ ಕಾನೂನು ಅಡ್ಡ ಬರುತ್ತದೆ. ಪುನರ್ವಸತಿ ಎಂದು ಅವರನ್ನು ಕೆಳಗಿಳಿಸುವ ಮಾತು ನಡೆಯುತ್ತಲೇ ಬಂದಿದೆ. ಅವರಿಗೆ ಕಾಡು ಬಿಡಿ ಎಂದು, ಅದೇ ಕಾಡಿನಲ್ಲಿ ಕಂಪನಿಯ ಕ್ವಾರ್ಟರ್ಸಿಗೆ ಬಣ್ಣ ಬಳಿದು ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಕ್ಯಾಂಪ್‌ಫೈರ್ ಹಾಕಿ ಕೊಡುವುದಾ? ನನಗಂತೂ ಆ ರೂಮಿನಲ್ಲಿ ನಿದ್ದೆ ಬಾರದು. ಗೈಡ್ ಕೆಲಸ ಬಂದರೆ ಮೊದಲು ಅವರಿಗೆ, ಹಳೇ ಕಾರ್ಮಿಕರಿಗೆ ಮತ್ತು ಗಣಿ ನಿಂತು ವ್ಯಾಪಾರ ಕಳೆದುಕೊಂಡ ಕಳಸದ ಕಡೆಯವರಿಗೆ ಬರಲಿ.

'ಹಗಲು ಮಾತ್ರ ಅಂದರೆ ಯಾರು ಬರ್ತಾರೆ' ಎಂದು ಕೇಳುವವರು ನಮ್ಮ ಕಾಪುವಿಗೆ ಹೋಗಿ ನೋಡಲಿ. 1901ರ ದೀಪಸ್ತಂಭ ಅದು. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಕತ್ತಲಾದರೆ ದೀಪಕ್ಕೆ ಅದರದ್ದೇ ಕೆಲಸ ಉಂಟು. ಹಾಗೆಂದು ಜನ ಬರುವುದು ನಿಲ್ಲಿಸಿದ್ದಾರಾ? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಅಲ್ಲೂ ಗೈಡ್ ಜೊತೆಗೇ ಸುತ್ತಬೇಕು, ಮನಸ್ಸು ಬಂದಲ್ಲಿ ನುಗ್ಗುವ ಹಾಗಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ಒಳಗೆ ಇಂಥ ಎರಡು ಪಾಠ ಇಟ್ಟುಕೊಂಡು ನಾವು ರಿಸಾರ್ಟ್ ಮಾದರಿ ಹುಡುಕುವುದು ಎಂತಕ್ಕೆ? ದೀಪಸ್ತಂಭಕ್ಕೆ ರಾತ್ರಿ ಹೇಗೋ ಕಾಡಿಗೂ ಹಾಗೆ. ಸಂಜೆಗೆ ಗೇಟು ಹಾಕಿದ ಮೇಲೆ ಅದರ ಕೆಲಸ ಅದು ಮಾಡಲಿ.

'ಇವತ್ತು ಮ್ಯೂಸಿಯಂ ಅಂತೀರಿ, ನಾಳೆ ಹೋಟೆಲ್ ಬರುತ್ತದೆ' ಎನ್ನುವವರ ಭಯ ಸುಳ್ಳಲ್ಲ. ಅದಕ್ಕೇ ಷರತ್ತುಗಳು ಮೊದಲು ಕಾಗದಕ್ಕೆ ಬರಲಿ. ಹೊಸ ಕಟ್ಟಡ ಇಲ್ಲ. ಸ್ವಂತ ಕಾರು ಇಲ್ಲ, ಕಾರ್ಕಳ ಮತ್ತು ಕಳಸದಿಂದ ಬಸ್ಸು. ದಿನಕ್ಕೆ ಇಷ್ಟೇ ಜನ. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಲಕ್ಯಾ ಕಟ್ಟೆಯ ನಿಗಾಕ್ಕೆ. ಮತ್ತು ಗೋಡೆಯ ಮೇಲೆ ಇಂಜಿನಿಯರ್‌ಗಳ ಸಾಹಸದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು.

ಇದೆಲ್ಲ ಆಗುವವರೆಗೆ ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಪರಿಚಯದಲ್ಲಿ, ನೆಂಟರಲ್ಲಿ ಕುದುರೆಮುಖದಲ್ಲಿ ದುಡಿದವರು ಇದ್ದರೆ, ಒಂದು ಭಾನುವಾರ ಹೋಗಿ ಮಾತಾಡಿಸಿ, ಅವರ ಒಪ್ಪಿಗೆ ಕೇಳಿ ಬರೆದು ಹಾಕಿ. ಬರೆಯುವುದು ನಮಗೆ ಗೊತ್ತಿರುವ ಕೆಲಸವೇ ಅಲ್ಲವಾ?

ನೀವೇನಂತೀರಿ? ಒಪ್ಪದಿದ್ದರೆ ಜಗಳಕ್ಕೂ ಸ್ವಾಗತ :-)