ಬೀಗ ಹಾಕಿದ ಮನೆಗೂ ಬೇಕು ಬಿಸುಪು

ಮಕ್ಕಳೇ, ರಜೆಯಲ್ಲಿ ಊರಿಗೆ ಹೊರಡುವಾಗ ನಿಮ್ಮ ಮನೆಯಲ್ಲಿ ಏನೇನು ಮಾಡುತ್ತಾರೆ? ಫ್ಯಾನು, ಟಿ.ವಿ. ಆಫ್ ಮಾಡಿ, ಗ್ಯಾಸ್ ಬಂದ್ ಮಾಡಿ ಬೀಗ ಹಾಕುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ನಾರ್ವೆ ದೇಶದಲ್ಲಿ ಚಳಿಗಾಲದಲ್ಲಿ ಹೀಗೆ ಎಲ್ಲವನ್ನೂ ನಿಲ್ಲಿಸಿ ಹೋದರೆ, ಮರಳಿ ಬರುವಷ್ಟರಲ್ಲಿ ಮನೆಯ ನೆಲದ ಮೇಲೆ ನೀರು ಹರಿದಿರಬಹುದು!

ನಾರ್ವೆ ಇರುವುದು ಯುರೋಪಿನ ಉತ್ತರ ತುದಿಯಲ್ಲಿ. ಚಳಿಗಾಲದಲ್ಲಿ ಅಲ್ಲಿನ ಅನೇಕ ಊರುಗಳ ಉಷ್ಣತೆ ಶೂನ್ಯಕ್ಕಿಂತ ಕೆಳಗಿರುತ್ತದೆ. ಮನೆ ಬೆಚ್ಚಗಿಡಲು ಬಹಳಷ್ಟು ಜನ ಹೀಟ್ ಪಂಪ್, ಅಂದರೆ ಉಷ್ಣ ಪಂಪು, ಬಳಸುತ್ತಾರೆ. ಇದನ್ನು ತಿರುಗುಮುರುಗಾದ ಫ್ರಿಜ್ ಎನ್ನಬಹುದು. ಫ್ರಿಜ್ ತನ್ನೊಳಗಿನ ಶಾಖವನ್ನು ಹೀರಿ ಹೊರಗೆ ಬಿಡುತ್ತದೆ. ಉಷ್ಣ ಪಂಪು ಹೊರಗಿನ ಗಾಳಿಯ ಶಾಖವನ್ನು ಹೀರಿ ಮನೆಯೊಳಗೆ ಬಿಡುತ್ತದೆ.

ಕೊರೆಯುವ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನಮಗೆ ತಣ್ಣಗೆ ಎನಿಸುವ ಗಾಳಿಯಲ್ಲೂ ಶಾಖ ಇದ್ದೇ ಇರುತ್ತದೆ. ಪಂಪಿನ ಕೊಳವೆಯಲ್ಲಿ ಹರಿಯುವ ದ್ರವ ಆ ಗಾಳಿಗಿಂತಲೂ ತಣ್ಣಗಿರುತ್ತದೆ. ಹಾಗಾಗಿ ಶಾಖ ಗಾಳಿಯಿಂದ ದ್ರವಕ್ಕೆ ಹರಿದು, ದ್ರವ ಆವಿಯಾಗುತ್ತದೆ. ಆ ಆವಿಯನ್ನು ಯಂತ್ರ ಒತ್ತಿ ಸಂಕುಚಿತಗೊಳಿಸಿದಾಗ ಅದು ಬಿಸಿಯೇರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬೇಕು. ಹವೆ ತೀರಾ ತಣ್ಣಗಿಲ್ಲದಿದ್ದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ವಿಜ್ಞಾನಿ ಕೆಲ್ವಿನ್ 1852ರಲ್ಲೇ ಸೂಚಿಸಿದ್ದರು.

ಈಗ ರಜೆಯ ಮಾತು. ನಾರ್ವೆಯ ಶಾಲೆಗಳಿಗೆ ಫೆಬ್ರುವರಿಯ ಹೊತ್ತಿಗೆ ಒಂದು ವಾರ ಚಳಿಗಾಲದ ರಜೆ ಇರುತ್ತದೆ. ಮನೆಮಂದಿಯೆಲ್ಲ ಹೊರಟಾಗ ಪಂಪನ್ನು ಏನು ಮಾಡಬೇಕು? ಪೂರ್ತಿ ನಿಲ್ಲಿಸಿ ಎನ್ನುವವರಿದ್ದಾರೆ. ಮುಟ್ಟಲೇಬೇಡಿ, ತಣ್ಣಗಾದ ಮನೆಯನ್ನು ಮತ್ತೆ ಕಾಯಿಸಲು ಇನ್ನೂ ಹೆಚ್ಚು ವಿದ್ಯುತ್ ಬೇಕು ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಮೊದಲು ಎರಡನೆಯವರ ವಾದ ನೋಡೋಣ. ತಳದಲ್ಲಿ ತೂತು ಬಿದ್ದ ಒಂದು ಕೊಡವನ್ನು ಊಹಿಸಿಕೊಳ್ಳಿ. ತುಂಬಿದ್ದಾಗ ನೀರು ರಭಸದಿಂದ ಸೋರುತ್ತದೆ. ಮಟ್ಟ ಇಳಿದಂತೆ ಸೋರಿಕೆಯೂ ನಿಧಾನವಾಗುತ್ತದೆ. ವಾರವಿಡೀ ಕೊಡವನ್ನು ತುಂಬಿಯೇ ಇಡಬೇಕಾದರೆ ಎಷ್ಟು ನೀರು ಸುರಿಯಬೇಕು! ಮಟ್ಟ ಇಳಿಯಲು ಬಿಟ್ಟು, ಕೊನೆಗೆ ಒಮ್ಮೆ ತುಂಬಿದರೆ ಕಡಿಮೆ ನೀರು ಸಾಕು. ಮನೆಯ ಶಾಖವೂ ಹೀಗೆಯೇ. ಹೊರಗೆ ಶೂನ್ಯಕ್ಕಿಂತ 5 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಇದ್ದರೆ ವ್ಯತ್ಯಾಸ 25. ಒಳಗೆ 10 ಡಿಗ್ರಿಗೆ ಇಳಿಸಿದರೆ ವ್ಯತ್ಯಾಸ 15. ಶಾಖದ ಸೋರಿಕೆ ಈ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ. ಅಂದರೆ ಮನೆ ಅಷ್ಟು ತಣ್ಣಗಾದ ಮೇಲೆ ಸೋರಿಕೆ ಶೇಕಡಾ 40ರಷ್ಟು ಕಡಿಮೆ. ನೀವೇ ಲೆಕ್ಕ ಹಾಕಿ ನೋಡಿ. 2021ರ ಕೊನೆಯಲ್ಲಿ ದಕ್ಷಿಣ ನಾರ್ವೆಯಲ್ಲಿ ವಿದ್ಯುತ್ ದರ ವಿಪರೀತ ಏರಿತ್ತು. ಅಂಥ ಕಾಲದಲ್ಲಿ ಇದು ಸಣ್ಣ ಉಳಿತಾಯವಲ್ಲ.

ಹಾಗಾದರೆ ಪೂರ್ತಿ ನಿಲ್ಲಿಸಿದರೆ ಇನ್ನೂ ಲಾಭ ಅಲ್ಲವೇ? ಅಲ್ಲೇ ಅಪಾಯ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಗೋಡೆಯೊಳಗಿನ ನೀರಿನ ಪೈಪೂ ಹೀಗೆ ಸೀಳಬಹುದು. ಮಂಜುಗಡ್ಡೆ ಇರುವಷ್ಟು ಕಾಲ ಏನೂ ಗೊತ್ತಾಗುವುದಿಲ್ಲ. ಕರಗಿದ ಮೇಲೆ ನೀರು ಚಿಮ್ಮುತ್ತದೆ. ನಾರ್ವೆಯ ಮನೆಗಳಲ್ಲಿ ಹೆಚ್ಚಿನವು ಮರದವು. ಮರದ ನೆಲ ನೀರು ಕುಡಿದರೆ ಆಗುವ ನಷ್ಟದ ಮುಂದೆ ವಾರದ ವಿದ್ಯುತ್ ಬಿಲ್ ಯಾವ ಲೆಕ್ಕ? ಬೆಟ್ಟದ ಮೇಲಿನ ರಜಾ ಮನೆಗಳ ವಿಷಯ ಬೇರೆ. ಅಲ್ಲಿ ಪೈಪುಗಳ ನೀರನ್ನೆಲ್ಲ ಬಸಿದು ಖಾಲಿ ಮಾಡಿ, ಆಮೇಲೆ ಯಂತ್ರ ನಿಲ್ಲಿಸಿ ಹೋಗುವವರಿದ್ದಾರೆ. ಅದು ಸರಿ.

ಆದ್ದರಿಂದ ಒಂದೆರಡು ದಿನದ ಪ್ರಯಾಣವಾದರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಚೆನ್ನಾಗಿ ಕಟ್ಟಿದ ಮನೆ ಅಷ್ಟರಲ್ಲಿ ಹೆಚ್ಚು ತಣ್ಣಗಾಗುವುದೂ ಇಲ್ಲ. ಒಂದು ವಾರ ಅಥವಾ ಹೆಚ್ಚು ದಿನವಾದರೆ 10ರಿಂದ 15 ಡಿಗ್ರಿಯ ನಡುವೆ ಇಟ್ಟು ಹೋಗುವುದು ಲೇಸು. ತೀರಾ ಚಳಿಯ ಊರಾದರೆ 15ರ ಕಡೆಗೇ ಇರಲಿ. ಏಕೆಂದರೆ ಕೋಣೆಯ ನಡುವೆ ಇರುವ ಉಷ್ಣತೆ ಹೊರಗೋಡೆಯ ಪೈಪಿನ ಹತ್ತಿರ ಇರುವುದಿಲ್ಲ. ಜೊತೆಗೆ ಮನೆಗೆ ನೀರು ಬರುವ ಮುಖ್ಯ ಕವಾಟವನ್ನು ಮುಚ್ಚಬೇಕು.

ಹಿಂತಿರುಗುವಾಗ ಆತುರ ಬೇಡ. ಕೆಲವು ಯಂತ್ರಗಳಲ್ಲಿ, ಪಂಪಿಗೆ ಸಾಲದಾದಾಗ ನೆರವಿಗೆ ಬರುವ ವಿದ್ಯುತ್ ಸುರುಳಿ ಇರುತ್ತದೆ. ನಮ್ಮ ಇಮ್ಮರ್ಷನ್ ಹೀಟರಿನ ಹಾಗೆ ಅದು ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಕೊಡುತ್ತದೆ. ಬಂದ ತಕ್ಷಣ 20 ಡಿಗ್ರಿ ಬೇಕೆಂದರೆ ಆ ಸುರುಳಿ ಉರಿದು, ಉಳಿಸಿದ್ದರಲ್ಲಿ ಸ್ವಲ್ಪ ಪೋಲಾಗುತ್ತದೆ. ಈಗ ಅನೇಕ ಪಂಪುಗಳನ್ನು ದೂರದಿಂದಲೇ ಮೊಬೈಲಿನಲ್ಲಿ ಹೊಂದಿಸಬಹುದು. ಹಿಂದಿನ ದಿನವೇ ಎರಡೆರಡು ಡಿಗ್ರಿಯಂತೆ ಏರಿಸುತ್ತಾ ಬಂದರೆ, ಬಾಗಿಲು ತೆರೆಯುವ ಹೊತ್ತಿಗೆ ಮನೆ ಬೆಚ್ಚಗಿರುತ್ತದೆ. ಆಮೇಲೆ ನೀರಿನ ಕವಾಟವನ್ನು ಮೆಲ್ಲಗೆ ತಿರುಗಿಸಿ, ಎಲ್ಲಾದರೂ ತೊಟ್ಟಿಕ್ಕುತ್ತಿದೆಯೇ ಎಂದು ನೋಡಿದರಾಯಿತು.