ಪರದೆಗೆ ಹೊಂದುವ ಕೈಪಿಡಿ

ಹಾರನಹಳ್ಳಿಯ ಮೇಷ್ಟ್ರೊಬ್ಬರು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಆಧರಿಸಿದ ಉಬುಂಟು ಹಾಕಿಸಿಕೊಂಡರು ಎಂದಿಟ್ಟುಕೊಳ್ಳಿ. ಕನ್ನಡ ಟೈಪ್ ಮಾಡಬೇಕು. ಎಲ್ಲೋ ಸಿಕ್ಕ ಕೈಪಿಡಿ ನೋಡಿ ಟರ್ಮಿನಲ್ ತೆರೆದು, ಸುಡೊ ಎಂದು ಶುರುವಾಗುವ ಆದೇಶ ಕೊಡುತ್ತಾರೆ. ಪಾಸ್‌ವರ್ಡ್ ಕೇಳುತ್ತದೆ. ಎಷ್ಟು ಕುಟ್ಟಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಅವರು ಅಲ್ಲಿಗೇ ಬಿಟ್ಟುಬಿಡಬಹುದು. ಉಬುಂಟುವಿನ ಬಹುಪಾಲು ಆವೃತ್ತಿಗಳಲ್ಲಿ ಪಾಸ್‌ವರ್ಡ್ ಕಾಣದಿರುವುದೇ ಸರಿ. ಕುರುಡಾಗಿ ಟೈಪಿಸಿ ಎಂಟರ್ ಒತ್ತಿದರೆ ಸಾಕು. ಕೈಪಿಡಿಯಲ್ಲಿ ಈ ಒಂದು ಸಾಲು ಇದ್ದಿದ್ದರೆ ಕೆಲಸ ಮುಂದೆ ಹೋಗುತ್ತಿತ್ತು.

ಏನು ಒತ್ತಬೇಕು ಎಂದಷ್ಟೇ ಹೇಳುವುದು ಅರೆ ಕೈಪಿಡಿ. ಒತ್ತಿದ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು, ಇದು ಯಾವ ಆವೃತ್ತಿಗೆ ಬರೆದದ್ದು ಎಂಬುದೂ ಅದರಲ್ಲಿರಬೇಕು.

ಆವೃತ್ತಿಯ ಮಾತು ಸಣ್ಣದಲ್ಲ. ಉಬುಂಟು 20.04ರಲ್ಲಿ ಕನ್ನಡ ಕೀಲಿಮಣೆ ಸೇರಿಸುವ ಜಾಗ ಸೆಟ್ಟಿಂಗ್ಸ್‌ನ 'ರೀಜನ್ ಅಂಡ್ ಲ್ಯಾಂಗ್ವೇಜ್' ಕೆಳಗಿತ್ತು, 22.04ರಲ್ಲಿ ಅದು 'ಕೀಬೋರ್ಡ್' ಕೆಳಗೆ ಬಂತು. ಹಳೆಯ ಕೈಪಿಡಿ ಹಿಡಿದವರು ಇಲ್ಲದ ಬಾಗಿಲು ಹುಡುಕುತ್ತಾರೆ. ಜೊತೆಗೆ, ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಕೊಡುವ ಐಬಸ್-ಎಂ17ಎನ್ ತಂತ್ರಾಂಶ ಹಾಕಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬರದಿದ್ದರೆ ಪಟ್ಟಿಯಲ್ಲಿ ಅದರ ಹೆಸರೇ ಕಾಣದಿರಬಹುದು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತೊಡಕು ಕಡಿಮೆ. ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆ ರೂಪಿಸಿದೆ. ಅಲ್ಲಿನ ಐಸಿಟಿ (ಕಂಪ್ಯೂಟರ್ ಕಲಿಕೆಯ) ಪಠ್ಯಪುಸ್ತಕಗಳು ಕನ್ನಡದಲ್ಲೂ ಬರುತ್ತವೆ. ಪುಸ್ತಕವೂ ಲ್ಯಾಬಿನ ಕಂಪ್ಯೂಟರೂ ಒಂದೇ ವ್ಯವಸ್ಥೆಗೆ ಸೇರಿದವು, ಹಾಗಾಗಿ ಓದಿದ್ದೇ ಪರದೆಯಲ್ಲಿ ಸಿಗುತ್ತದೆ.

ಕರ್ನಾಟಕದಲ್ಲೂ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದಲ್ಲಿ ಶಿಕ್ಷಕರಿಗೆ ಉಬುಂಟು ಕಲಿಸುವ ಕನ್ನಡ ಪಾಠಗಳಿವೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಲಿನಕ್ಸ್ ಪಾಠಗಳನ್ನು ಕನ್ನಡ ದನಿಯಲ್ಲಿ ಕೊಡುತ್ತದೆ: ಸ್ವಲ್ಪ ನೋಡಿ, ನಿಲ್ಲಿಸಿ, ಪಕ್ಕದ ಕಿಟಕಿಯಲ್ಲಿ ತಾನೇ ಮಾಡಿ, ಮತ್ತೆ ಮುಂದುವರಿಯುವ ಕ್ರಮ. ಒಂಟಿಯಾಗಿ ಕಲಿಯುವವರಿಗೆ ಇದಕ್ಕಿಂತ ಹದವಾದ ದಾರಿ ಸಿಗುವುದು ಕಷ್ಟ.

ಹೆಜ್ಜೆಹೆಜ್ಜೆಯಾಗಿ ಹೇಳಿಕೊಟ್ಟರೆ ಜನ ಯೋಚಿಸುವುದನ್ನೇ ಬಿಡುತ್ತಾರೆ ಎಂಬ ಆಕ್ಷೇಪವಿದೆ. ಕಾರಣ ಹೇಳದ ಕೈಪಿಡಿಗೆ ಅದು ಒಪ್ಪುವ ಮಾತು. ಆದರೆ ಮೊದಲ ದಿನವೇ ಆದೇಶಗಳನ್ನು ವಿವರಿಸುವ ಮ್ಯಾನ್ ಪುಟಗಳನ್ನು ಓದಿ ಎನ್ನುವುದು ಹೊಸಬರನ್ನು ಹೊರಗೆ ನಿಲ್ಲಿಸಿದಂತೆ. 1971ರ ಯುನಿಕ್ಸ್ ಕೈಪಿಡಿಯಿಂದ ಬೆಳೆದುಬಂದ ಆ ಪುಟಗಳು ಬಲ್ಲವರು ತಿರುವಿ ನೋಡಲೆಂದು ಬರೆದವು. ನಾಲ್ಕಾರು ಆದೇಶ ಕೈಗೆ ಹತ್ತಿದ ಮೇಲೆ ಅವೂ ಬೇಕು. ಹೇಗೂ ಅವು ಕಂಪ್ಯೂಟರಿನಲ್ಲೇ ಇರುವುದರಿಂದ ನೆಟ್ ಇಲ್ಲದ ಸಂಜೆಯೂ ತೆರೆಯುತ್ತವೆ.

ಈಗ ಹಣ, ದುಡಿಮೆ ಹೋಗಬೇಕಾದದ್ದು ಇರುವ ಕನ್ನಡ ಪಾಠಗಳ ದುರಸ್ತಿಗೆ. ಎರಡು ವರ್ಷಕ್ಕೊಮ್ಮೆ ಉಬುಂಟುವಿನ ದೀರ್ಘಾವಧಿ ಆವೃತ್ತಿ ಬಂದಾಗಲೆಲ್ಲ ಯಾರಾದರೂ ಪ್ರತಿ ಹೆಜ್ಜೆಯನ್ನೂ ಮಾಡಿನೋಡಿ, ಬದಲಾದ ಮೆನುವಿನ ಹೆಸರು ತಿದ್ದಿ, ಪರೀಕ್ಷಿಸಿದ ತಾರೀಖನ್ನು ಪುಟದ ತಲೆಯಲ್ಲೇ ಬರೆಯಬೇಕು.