ಎಲುಬಿನ ಜಾಡು ಹಿಡಿಯುವ ಪರಮಾಣು



ಪರಮಾಣುವೆಂಬ ಮಾತು ಕಿವಿಗೆ ಬಿದ್ದೊಡನೆ ಹಿರೋಶಿಮಾದ ನೆನಪಾಗಿ ಮನಸ್ಸು ಕಳವಳಗೊಳ್ಳುವುದು ಸಹಜ. ಆದರೆ ಅದೇ ಪರಮಾಣುವು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆಗೂ ಒದಗುತ್ತಿದೆ. ಅದಕ್ಕೆ ಹೆದರಿ ದೂರವಿರುವುದೂ ತರವಲ್ಲ, ಮರುಳಾಗುವುದೂ ತರವಲ್ಲ; ಅಳತೆಯನ್ನರಿತು ಬಳಸುವುದೇ ವಿವೇಕವೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಮ್ಮ ಎಲುಬುಗಳೇ ಸಾಕ್ಷಿ.

ಕಾಡಿಗೆ ಮೇಯಲು ಬಿಡುವ ಹಸುವಿನ ಕೊರಳಿಗೆ ಗಂಟೆ ಕಟ್ಟುವುದನ್ನು ನೀವು ಊರಿಗೆ ಹೋದಾಗ ಕಂಡಿರಬಹುದು. ಹಸು ಕಣ್ಣಿಗೆ ಕಾಣದಿದ್ದರೂ ನಾದದಿಂದ ಅದರ ಠಾವು ತಿಳಿಯುತ್ತದೆ. ವಿಕಿರಣಶೀಲ ರಂಜಕವೂ ಅಂತಹುದೇ. ಗುಣದಲ್ಲಿ ಅದು ಸಾಮಾನ್ಯ ರಂಜಕದಂತೆಯೇ ಇದ್ದರೂ ತಾನು ಸೂಸುವ ಕಿರಣದಿಂದ ತನ್ನ ಇರವನ್ನು ಸಾರುತ್ತದೆ. 1935ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಜಾರ್ಜ್ ಹೆವೆಶಿಯವರು ಸಹೋದ್ಯೋಗಿಯೊಬ್ಬರೊಡನೆ ಈ ರಂಜಕವನ್ನು ಇಲಿಗಳಿಗೆ ಉಣಿಸಿ ಪರೀಕ್ಷಿಸಿದರು. ಅದು ಎಲುಬನ್ನು ಸೇರಿದುದೂ, ಬಳಿಕ ಅದರಲ್ಲೊಂದು ಪಾಲು ಎಲುಬನ್ನು ಬಿಟ್ಟು ಹೊರಟುದೂ ತಿಳಿದುಬಂದಿತು. ಎಲುಬು ಗೋಡೆಯ ಕಲ್ಲಿನಂತೆ ಜಡವಲ್ಲ. ಹಳೆಯದನ್ನು ಕಳೆದು ಹೊಸದನ್ನು ಕೂಡಿಸುತ್ತಲೇ ಇರುವ ಜೀವಂತ ವಸ್ತು ಎಂಬುದಕ್ಕೆ ಇದು ಪ್ರಮಾಣವಾಯಿತು. ಇಂತಹ ಜಾಡುಗಾರ ಪರಮಾಣುಗಳ ಬಳಕೆಗಾಗಿ ಹೆವೆಶಿಯವರಿಗೆ 1943ರ ನೊಬೆಲ್ ಬಹುಮಾನ ಸಂದಿತು.

ಇಂದು ವೈದ್ಯರು ಟೆಕ್ನೀಷಿಯಮ್ಮನ್ನು ಎಲುಬಿಗಂಟುವ ಔಷಧಿಯೊಡನೆ ಬೆರೆಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಹೊಸ ಎಲುಬು ಭರದಿಂದ ಬೆಳೆಯುವೆಡೆಯಲ್ಲಿ ಅದು ಹೆಚ್ಚಾಗಿ ಸಂಗ್ರಹವಾಗುತ್ತದೆ. ಓಟಗಾರನ ಕಾಲೆಲುಬಿನ ಸಣ್ಣ ಬಿರುಕು ಎಕ್ಸ್-ರೇ ಚಿತ್ರದಲ್ಲಿ ಕಾಣುವ ಮೊದಲೇ ಇದರಿಂದ ಗೋಚರವಾಗುವುದುಂಟು. ಆರು ಗಂಟೆಗಳಲ್ಲಿ ಈ ಟೆಕ್ನೀಷಿಯಮ್ಮಿನ ಶಕ್ತಿ ಅರ್ಧಕ್ಕಿಳಿಯುತ್ತದೆ.

ಇದು ದೂರದೇಶದ ವಿದ್ಯೆಯೆಂದು ತಿಳಿಯಬೇಡಿ. ನಾವು ಅನ್ನವನ್ನರಸಿ ಬಂದು ನೆಲೆಸಿದ ಈ ಮುಂಬಯಿಯ ಟ್ರಾಂಬೆಯಲ್ಲಿಯೇ 1956ರ ಆಗಸ್ಟ್ 4ರಂದು 'ಅಪ್ಸರಾ' ಪರಮಾಣು ಸ್ಥಾವರ ಕಾರ್ಯಾರಂಭ ಮಾಡಿತು. 1963ರಲ್ಲಿ ಪರೇಲಿನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಸ್ಥಾಪನೆಯಾಯಿತು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಮರೆಯಲಾಗದು. ಹೆವೆಶಿಯವರ ಪ್ರಯೋಗಕ್ಕೂ ಮೊದಲು, ಅಮೆರಿಕದ ನ್ಯೂಜರ್ಸಿಯಲ್ಲಿ ಬಡ ಹೆಣ್ಣುಮಕ್ಕಳು ಗಡಿಯಾರಗಳ ಅಂಕೆಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಮ್ ಬಣ್ಣ ಬಳಿಯುತ್ತಿದ್ದರು. ಕುಂಚದ ಮೊನೆಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಬಣ್ಣ ನಿರಪಾಯಕರವೆಂದು ಅವರಿಗೆ ಹೇಳಲಾಗಿತ್ತು. ಸುಣ್ಣಾಂಶದಂತೆಯೇ ಎಲುಬನ್ನು ಸೇರುವ ರೇಡಿಯಮ್, ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕಾದುದು, ಅಲ್ಲಿಯೇ ಮನೆಮಾಡಿತು. 1920ರ ದಶಕದಲ್ಲಿ ದವಡೆ ಕೊಳೆತು ಹಲವರು ಮಡಿದರು.

ಎಲುಬನ್ನು ಅರಸಿ ಹೋಗುವ ಗುಣ ಎರಡೂ ಕಡೆ ಒಂದೇ. ಒಂದೆಡೆ ಅಳತೆಯಿದ್ದಿತು, ಎಚ್ಚರವಿದ್ದಿತು. ಇನ್ನೊಂದೆಡೆ ದುಡಿಯುವವರಿಗೆ ನಿಜವನ್ನು ತಿಳಿಸುವ ಪ್ರಾಮಾಣಿಕತೆಯೇ ಇರಲಿಲ್ಲ. ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಕಾರ್ಖಾನೆಗಳನ್ನು ಸೇರುವಿರಿ. ಯಾವುದೇ ವಸ್ತುವನ್ನು ನಿರಪಾಯವೆಂದು ಯಾರಾದರೂ ಹೇಳಿದಾಗ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಎಂದು ವಿನಯದಿಂದ, ಆದರೆ ಬಿಡದೆ ಕೇಳಿರಿ. ಹಾಗೆ ಕೇಳುವ ಧೈರ್ಯವನ್ನು ನಿಮ್ಮಲ್ಲಿ ಬೆಳೆಸದ ವಿಜ್ಞಾನದ ಪಾಠವನ್ನು ನಾವು ಪಾಠವೆಂದು ಒಪ್ಪಲಾರೆವು.